ಸನದಿಲ್ಲದ ನ್ಯಾಯ: ಹಾನಗಲ್ಲ ಸೀಮೆಯಲ್ಲಿ ದಾಂಪತ್ಯದ ಮಧ್ಯಸ್ಥಿಕೆಯ ಇತಿಹಾಸ

ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟಾಗ ಇಬ್ಬರ ಮಾತನ್ನೂ ಕೇಳಿ, ತೂಗಿ ನೋಡಿ, ಕೂಡಿ ಬಾಳುವಂತೆ ಮಾಡುವ ಅಥವಾ ಮಾನದಿಂದ ಬೇರೆಯಾಗಲು ದಾರಿ ತೋರುವ ಕೆಲಸ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಯಾವ ಕಾಲಕ್ಕೂ ನಿಂತದ್ದಿಲ್ಲ. ಆದರೆ ಆ ಕೆಲಸ ಮಾಡುವವರಿಗೆ ಏನು ಅರ್ಹತೆ ಇರಬೇಕು, ಅದನ್ನು ಯಾರು ಪರೀಕ್ಷಿಸಬೇಕು, ಅರ್ಹತೆಯಿಲ್ಲದೆ ಕೈ ಹಾಕಿದವರನ್ನು ಯಾರು ತಡೆಯಬೇಕು ಎಂಬ ಪ್ರಶ್ನೆಗಳನ್ನು ಪ್ರಭುತ್ವ ಇಲ್ಲಿ ಬಹಳ ತಡವಾಗಿ ಕೇಳಿತು, ಕೇಳಿದಾಗಲೂ ಅರ್ಧಕ್ಕೆ ನಿಲ್ಲಿಸಿತು. ಪರವಾನಗಿ ಎಂಬ ಮಾತಿಗೆ ಪೂರ್ಣ ಅರ್ಥ ಬರಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಕೂಡಬೇಕಾಗುತ್ತದೆ: ಕಲಿಕೆಯ ಮಟ್ಟವೊಂದನ್ನು ಕಾನೂನು ಗೊತ್ತುಪಡಿಸಬೇಕು, ಆ ಮಟ್ಟ ಮುಟ್ಟಿದವರ ಹೆಸರಿನ ಪಟ್ಟಿಯನ್ನು ಒಂದು ಮಂಡಳಿ ಇಡಬೇಕು, ಪಟ್ಟಿಯಲ್ಲಿಲ್ಲದವರು ಆ ವೃತ್ತಿಯ ಹೆಸರಿನಲ್ಲಿ ಕೆಲಸ ಮಾಡದಂತೆ ನಿಷೇಧವಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮದುವೆ ಮತ್ತು ಕುಟುಂಬದ ಸಲಹೆಗಾರರಿಗೆ ಇಂಥ ಪರವಾನಗಿಯನ್ನು 1963ರಲ್ಲಿ ಮೊದಲು ತಂದಿತು. ಸ್ನಾತಕೋತ್ತರ ಪದವಿ, ಹಿರಿಯರ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಅಭ್ಯಾಸ, ಕೊನೆಗೆ ಪರೀಕ್ಷೆ ಎಂಬುದು ಅಲ್ಲಿ ಇಂದು ನೆಲೆಗೊಂಡಿರುವ ಕ್ರಮ, ಮತ್ತು 2009ರ ಹೊತ್ತಿಗೆ ಆ ದೇಶದ ಐವತ್ತೂ ರಾಜ್ಯಗಳು ಅದೇ ಜಾಡು ಹಿಡಿದಿದ್ದವು. ಕರ್ನಾಟಕದಲ್ಲಿ ಈ ಮೂರೂ ಸಂಗತಿಗಳು ಒಂದೇ ಕಾಯ್ದೆಯಡಿ ಇದೊಂದು ವೃತ್ತಿಗಾಗಿ ಇದುವರೆಗೆ ಕೂಡಿಲ್ಲ. ಅವು ಹೇಗೆ ಚೂರುಚೂರಾಗಿ ಬಂದವು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡಿದರೆ, ಮನೆಯೊಳಗಿನ ನ್ಯಾಯದ ಮೇಲೆ ಪ್ರಭುತ್ವ ಇಟ್ಟ ಕಣ್ಣಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಪಾನುಂಗಲ್ಲು ಐನೂರು ಎಂದು ಶಾಸನಗಳು ಕರೆಯುವ ಹಾನಗಲ್ಲ ನಾಡು ಕದಂಬರ ಶಾಖೆಯೊಂದರ ರಾಜಧಾನಿಯಾಗಿದ್ದ ಕಾಲದಿಂದ ವಿಜಯನಗರದ ಕಾಲದವರೆಗೆ ಅರಸರಿಗೆ ಮದುವೆ ಎಂದರೆ ಮುಖ್ಯವಾಗಿ ಆದಾಯದ ಬಾಬತ್ತಾಗಿತ್ತೇ ಹೊರತು ದಂಪತಿಗಳ ಜಗಳ ಅರಮನೆಯ ವಿಷಯವಾಗಿರಲಿಲ್ಲ; ವಿಜಯನಗರದ ಶಾಸನಗಳಲ್ಲಿ ಮದುವೆಯ ಸುಂಕವೂ ಅದನ್ನು ಮನ್ನಾ ಮಾಡಿದ ಪ್ರಸಂಗಗಳೂ ಕಾಣುತ್ತವೆ. ಜಗಳ ಬಗೆಹರಿಸುವುದು ಊರಿಗೆ ಬಿಟ್ಟ ಕೆಲಸವಾಗಿತ್ತು. ಧಾರವಾಡ ಸೀಮೆಯ ಮಾತಿನಲ್ಲಿ ‘ದೈವ’ ಎಂದರೆ ಗುಡಿಯೊಳಗಿನ ದೇವರಷ್ಟೇ ಅಲ್ಲ, ಒಂದು ಊರಿನ ಅಥವಾ ಒಂದು ಕುಲದ ಹಿರಿಯರು ಕೂಡಿ ಕುಳಿತ ಸಭೆಯೂ ಹೌದು, ಮತ್ತು ‘ದೈವ ಕೂಡಿಸುವುದು’ ಎಂದರೆ ಆ ಸಭೆಯನ್ನು ಕರೆಯುವುದು. ಮಗಳು ಗಂಡನ ಮನೆಯಲ್ಲಿ ಬಾಳ್ವೆ ಮಾಡಲಾರದೆ ತವರಿಗೆ ಬಂದು ಕುಳಿತಾಗ ತಂದೆಯೋ ಅಣ್ಣನೋ ದೈವ ಕೂಡಿಸುತ್ತಿದ್ದ. ಗೌಡ, ಕುಲಕರ್ಣಿ, ಕುಲದ ಮುಖ್ಯಸ್ಥ, ಎರಡೂ ಕಡೆಯ ಬೀಗರು, ಕೆಲವೆಡೆ ಮಠದ ಅಯ್ಯನವರು ಕುಳಿತು ಕೇಳುತ್ತಿದ್ದರು. ತಪ್ಪಿಗೆ ದಂಡ, ಕೂಡಿಸುವುದಕ್ಕೆ ಎಲೆ ಅಡಿಕೆ, ಬಿಡಿಸುವುದಕ್ಕೆ ‘ಬಿಡುಗಡೆ’ ಎಂಬ ಕ್ರಮಗಳಿದ್ದವು. ಬಿಡುಗಡೆಯಾದ ಅಥವಾ ಗಂಡ ಸತ್ತ ಹೆಣ್ಣು ಮತ್ತೆ ಮನೆ ಮಾಡಿಕೊಳ್ಳುವ ‘ಉಡಕಿ’ ಎಂಬ ಸರಳ ಮದುವೆ ಈ ಭಾಗದ ಅನೇಕ ಕುಲಗಳಲ್ಲಿ ನಡೆಯುತ್ತಿತ್ತು, ಮತ್ತು ಅದಕ್ಕೂ ದೈವದ ಒಪ್ಪಿಗೆ ಬೇಕಿತ್ತು.

ದೈವದ ಹಿರಿಯನಿಗೆ ಅರ್ಹತೆ ಬರುತ್ತಿದ್ದುದು ಸಂಬಂಧದಿಂದ, ವಯಸ್ಸಿನಿಂದ, ಹೊಲದಿಂದ, ವತನದಿಂದ. ವತನ ಎಂದರೆ ಗೌಡಕಿ, ಕುಲಕರ್ಣಿಕಿಯಂಥ ವಂಶಪಾರಂಪರ್ಯದ ಊರ ಹುದ್ದೆ ಮತ್ತು ಅದಕ್ಕೆ ಅಂಟಿಕೊಂಡ ಭೂಮಿ ಹಾಗೂ ಹಕ್ಕು. ಅದನ್ನು ಮುಂಬಯಿ ಸರ್ಕಾರ 1874ರ ಕಾಯ್ದೆಯಿಂದ ಬರಹಕ್ಕಿಳಿಸಿತಾದರೂ ಅಲ್ಲಿ ಹೇಳಿದ ಕರ್ತವ್ಯಗಳು ಕಂದಾಯದವು, ಕಾವಲಿನವು. ದೈವಕ್ಕೆ ಇದ್ದ ಬಲವನ್ನು ಕಡೆಗಣಿಸುವಂತಿಲ್ಲ. ಕುಳಿತವರಿಗೆ ಆ ಮನೆಯ ಸಾಲ, ಕುಡಿತ, ಅತ್ತೆಯ ಬಾಯಿ, ಪಾಲಾಗದ ಹೊಲ ಎಲ್ಲವೂ ಗೊತ್ತಿದ್ದುದರಿಂದ ಸುಳ್ಳು ನಿಲ್ಲುತ್ತಿರಲಿಲ್ಲ, ಮತ್ತು ಕೂಡಿಸಿದ ಮೇಲೆ ಮುಂದಿನ ಸುಗ್ಗಿಯವರೆಗೂ ಆ ಜೋಡಿಯ ಮೇಲೆ ಊರಿನ ಕಣ್ಣು ಇರುತ್ತಿತ್ತು. ಆದರೆ ಅದೇ ಸಂಬಂಧ, ಅದೇ ಕಣ್ಣು ಹೆಣ್ಣಿನ ಕೊರಳಿಗೆ ಉರುಳೂ ಆಗುತ್ತಿತ್ತು. ಸಭೆಯಲ್ಲಿ ಹೆಂಗಸರು ಕೂಡುತ್ತಿರಲಿಲ್ಲ. ಯಾರ ಬಾಳ್ವೆಯ ಪ್ರಶ್ನೆಯೋ ಅವಳ ಮಾತನ್ನು ತಂದೆ ಅಥವಾ ಅಣ್ಣ ಆಡುತ್ತಿದ್ದ. ಹೊಡೆತ ಎಂಬುದು ಅಳತೆ ಮೀರಿದಾಗಷ್ಟೇ ತಪ್ಪೆನಿಸುತ್ತಿತ್ತು. ಹಳೆಯ ಪಂಚಾಯ್ತಿಯ ನೆನಪಿಗೆ ಹೊಳಪು ಹಚ್ಚಿ ಬರೆಯುವವರು ಈ ಮೂರು ಮಾತುಗಳನ್ನು ದಾಟಿ ಹೋಗುವುದು ಸರಿಯಲ್ಲ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂದು, ಮೊದಲು ಮದರಾಸಿಗೂ 1830ರಲ್ಲಿ ಮುಂಬಯಿಗೂ ಸೇರಿದಾಗ ಹಾನಗಲ್ಲ ತನ್ನ ಹೆಸರಿನಲ್ಲೇ ತಾಲ್ಲೂಕಾಗಿ ಉಳಿಯಿತು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿಯ ಊರಾಯಿತು. ಹಿರೇಕೆರೂರು ಕೋಡ ಎಂಬ ತಾಲ್ಲೂಕಿನ ಕೇಂದ್ರವಾಯಿತು. ಇವುಗಳ ನಡುವೆ ಸುಮಾರು 70 ಚದರ ಮೈಲಿಯ ಸವಣೂರು ಮಾತ್ರ ಮಿಯಾನಾ ಪಠಾಣ ವಂಶದ ನವಾಬರ ಸಂಸ್ಥಾನವಾಗಿ, 1948ರಲ್ಲಿ ವಿಲೀನವಾಗುವವರೆಗೂ ಉಳಿದುಕೊಂಡಿತು. ಹೀಗಾಗಿ ಒಂದು ದಿನದ ಬಂಡಿಯ ಹಾದಿಯೊಳಗೆ, ಒಂದೇ ಭಾಷೆಯಾಡುವ, ಒಂದೇ ಸಂತೆಗೆ ಬರುವ ಮನೆಗಳ ಮೇಲೆ ಎರಡು ಬೇರೆ ಪ್ರಭುತ್ವಗಳ ನ್ಯಾಯ ನಡೆಯುತ್ತಿತ್ತು. ಮುಂಬಯಿಯ ಶಾಸನಗಳು ಶಿಗ್ಗಾವಿಯ ಗಡಿಯಲ್ಲಿ ನಿಂತು, ಸವಣೂರನ್ನು ಸುತ್ತಿ ಮುಂದೆ ಹೋಗುತ್ತಿದ್ದವು.

ಮುಂಬಯಿಯ 1827ರ ನಿಬಂಧನೆಗಳು ದೈವದ ವಿಷಯದಲ್ಲಿ ಎರಡು ಮನಸ್ಸಿನವಾಗಿದ್ದವು. ಜಾತಿಯ ಒಳಗಿನ ಪ್ರಶ್ನೆಗಳಲ್ಲಿ ದಿವಾಣಿ ನ್ಯಾಯಾಲಯ ಕೈ ಹಾಕಬಾರದೆಂದು ಒಂದು ನಿಬಂಧನೆ ಹೇಳಿದರೆ, ಲಿಖಿತ ಕಾನೂನು ಇಲ್ಲದ ಕಡೆ ನಾಡಿನ ರೂಢಿಯನ್ನೇ ನೋಡಿ ತೀರ್ಪು ಕೊಡಬೇಕೆಂದು ಇನ್ನೊಂದು ಹೇಳಿತು. ರೂಢಿ ಏನೆಂದು ತಿಳಿಯುವುದಕ್ಕಾಗಿಯೇ ಆರ್ಥರ್ ಸ್ಟೀಲ್ ಎಂಬ ಅಧಿಕಾರಿ ದಖ್ಖನ್ ಪ್ರಾಂತದ ಜಾತಿಗಳ ಆಚಾರಗಳನ್ನು ಕೇಳಿ ಬರೆದುಕೊಂಡ ಗ್ರಂಥ ಅದೇ ಹೊತ್ತಿನದು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಈ ಸೌಜನ್ಯ ಕರಗಿತು. ಗಂಡನ ಒಪ್ಪಿಗೆಯಿಲ್ಲದೆ ಜಾತಿಯ ಅನುಮತಿಯಿಂದ ಹೆಣ್ಣೊಬ್ಬಳು ಮರುಮದುವೆಯಾದ ಪ್ರಕರಣದಲ್ಲಿ, ಶಂಭು ರಘು ಮೊಕದ್ದಮೆ ಎಂದು ಹೆಸರಾದ 1876ರ ತೀರ್ಪಿನಲ್ಲಿ, ಮದುವೆಯನ್ನು ರದ್ದೆಂದು ಸಾರುವುದಕ್ಕಾಗಲಿ ಮರುಮದುವೆಗೆ ಅಪ್ಪಣೆ ಕೊಡುವುದಕ್ಕಾಗಲಿ ಜಾತಿಗೆ ಅಧಿಕಾರವಿದೆಯೆಂದು ನ್ಯಾಯಾಲಯ ಒಪ್ಪುವುದಿಲ್ಲವೆಂದು ಮುಂಬಯಿ ಹೈಕೋರ್ಟ್ ಹೇಳಿತು. ಹಾನಗಲ್ಲ, ಬಂಕಾಪುರ, ಕೋಡ ತಾಲ್ಲೂಕುಗಳೂ ಆ ಹೈಕೋರ್ಟಿನ ಅಧಿಕಾರದೊಳಗೇ ಇದ್ದುದರಿಂದ, ದೈವ ಕೊಟ್ಟ ಬಿಡುಗಡೆಯನ್ನು ನಂಬಿ ಉಡಕಿಯಾದ ಹೆಣ್ಣು ದ್ವಿಪತಿತ್ವದ ಅಪರಾಧಿಯಾಗಿ ನಿಲ್ಲುವ ಭಯ ಅಂದಿನಿಂದ ಹುಟ್ಟಿತು.

ಆ ತೀರ್ಪು ಹಿರಿಯರ ಕೈಯಿಂದ ಕಿತ್ತುಕೊಂಡ ಅಧಿಕಾರವನ್ನು ಯಾರ ಕೈಗೂ ಕೊಡಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಕೋರ್ಟಿನಲ್ಲಿ ದಂಪತಿಗಳಿಗೆ ಸಿಗುತ್ತಿದ್ದ ಪರಿಹಾರವೆಂದರೆ, ಬಿಟ್ಟು ಹೋದವರು ಮರಳಿ ಬಂದು ಸಂಸಾರ ಮಾಡಬೇಕೆಂಬ ಆಜ್ಞೆ, ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳಿಂದ ಬಂದ ದಾಂಪತ್ಯ ಹಕ್ಕಿನ ದಾವೆ. ಆಜ್ಞೆ ಮೀರಿದವರನ್ನು ಸೆರೆಗೆ ಹಾಕಲೂ ಅಂದಿನ ವಿಧಿಯಲ್ಲಿ ಅವಕಾಶವಿತ್ತು. ಬಾಲ್ಯದಲ್ಲಿ ಆದ ಮದುವೆಯ ಗಂಡನ ಮನೆಗೆ ಹೋಗಲಾರೆನೆಂದು ನಿಂತ ರಖಮಾಬಾಯಿಯ ಮೊಕದ್ದಮೆ 1884ರಿಂದ ನಡೆದದ್ದು ಇದೇ ಹೈಕೋರ್ಟಿನಲ್ಲಿ. ಕೇಳುವ ಕಿವಿಗಾಗಿ ಬಂದವಳಿಗೆ ಆಜ್ಞಾಪತ್ರ ಕೊಡುವ ವ್ಯವಸ್ಥೆ ಅದು.

ಮುಸ್ಲಿಂ ದಾಂಪತ್ಯದ ಮಟ್ಟಿಗೆ ಪ್ರಭುತ್ವ ಒಂದು ಹುದ್ದೆಯನ್ನು ಹೆಸರಿಸಿತ್ತು, ಮತ್ತು ಪರವಾನಗಿಯ ಚರಿತ್ರೆಯಲ್ಲಿ ಇದಕ್ಕಿಂತ ಕುತೂಹಲದ ಅಧ್ಯಾಯ ಬೇರೊಂದಿಲ್ಲ. ಖಾಜಿ ಎಂಬವನು ಮೂಲತಃ ನ್ಯಾಯಾಧೀಶ; ಕಂಪನಿಯ ಕಾಲಕ್ಕೆ ನಿಕಾಹ್ ಓದಿಸುವವನು, ದಫ್ತರ ಬರೆಯುವವನು, ಕಾನೂನಿನ ಸಲಹೆಗಾರ ಎಂಬಷ್ಟಕ್ಕೆ ಇಳಿದಿದ್ದ. 1864ರಲ್ಲಿ ಸರ್ಕಾರ ಖಾಜಿಗಳ ನೇಮಕವನ್ನೇ ನಿಲ್ಲಿಸಿತು. ನಿಕಾಹ್‌ಗಳಿಗೆ ನಂಬುವ ದಾಖಲೆಯಿಲ್ಲದೆ ತೊಂದರೆಯಾಗುತ್ತಿದೆಯೆಂಬ ದೂರುಗಳು ಬಂದ ಮೇಲೆ 1880ರ ಖಾಜಿಗಳ ಕಾಯ್ದೆ ಬಂದು, ಒಂದು ಪ್ರದೇಶದಲ್ಲಿ ಗಣನೀಯ ಸಂಖ್ಯೆಯ ಮುಸ್ಲಿಮರು ಬಯಸಿದರೆ ಅಲ್ಲಿನ ಪ್ರಮುಖರನ್ನು ಕೇಳಿಕೊಂಡು ‘ತಕ್ಕ’ ವ್ಯಕ್ತಿಯನ್ನು ಸರ್ಕಾರ ಖಾಜಿಯಾಗಿ ನೇಮಿಸಬಹುದೆಂದಿತು. ತಕ್ಕವನು ಯಾರು, ಏನು ಓದಿರಬೇಕು ಎಂಬುದನ್ನು ಕಾಯ್ದೆ ಹೇಳಲಿಲ್ಲ. ಅದರ ನಾಲ್ಕನೆಯ ಕಲಮು ಇನ್ನೂ ಮುಂದೆ ಹೋಗಿ, ಈ ನೇಮಕದಿಂದ ಖಾಜಿಗೆ ನ್ಯಾಯ ನೀಡುವ ಅಥವಾ ಆಡಳಿತದ ಅಧಿಕಾರ ಬರುವುದಿಲ್ಲ, ನಿಕಾಹ್‌ಗೆ ಅವನ ಹಾಜರಿ ಕಡ್ಡಾಯವಾಗುವುದಿಲ್ಲ, ನೇಮಕವಿಲ್ಲದ ಬೇರೆಯವನು ಖಾಜಿಯ ಕೆಲಸ ಮಾಡುವುದಕ್ಕೆ ಅಡ್ಡಿಯೂ ಆಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಪಟ್ಟವುಂಟು, ನಿಷೇಧವಿಲ್ಲ: ಇಂಥ ಸನದಿನ ಮಾದರಿ ಮುಂದೆ ನೂರು ವರ್ಷದ ನಂತರ ಬಂದ ಕಾಯ್ದೆಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಿಂದ ಈ ಹಳೆಯ ಕಲಮಿನ ಮುಂದೆ ಸ್ವಲ್ಪ ನಿಲ್ಲುವುದು ಅಗತ್ಯ.

ದಾಂಪತ್ಯ ಒಡೆಯುವ ಮುನ್ನ ಗಂಡನ ಕಡೆಯವನೊಬ್ಬ, ಹೆಂಡತಿಯ ಕಡೆಯವನೊಬ್ಬ ಹೀಗೆ ಇಬ್ಬರು ಮಧ್ಯಸ್ಥರನ್ನು ನಿಲ್ಲಿಸಬೇಕೆಂಬುದು ಕುರಾನಿನ ನಾಲ್ಕನೆಯ ಅಧ್ಯಾಯದ ವಿಧಿ; ಅಂಥ ಪ್ರಯತ್ನ ನಡೆದದ್ದು ರುಜುವಾಗಬೇಕೆಂದು ಸುಪ್ರೀಂ ಕೋರ್ಟ್ 2002ರ ಶಮೀಮ್ ಆರಾ ತೀರ್ಪಿನಲ್ಲಿ ಒತ್ತಿ ಹೇಳಿತು. ಸವಣೂರಿನ ಜಮಾತಿನಲ್ಲಿ ಕೂಡುವ ಹಿರಿಯರೂ ಹಾನಗಲ್ಲಿನ ದೈವದ ಹಿರಿಯರೂ ಈ ಒಂದು ತತ್ತ್ವದಲ್ಲಿ ಒಂದೇ ನೆಲೆಯವರು: ಮಧ್ಯಸ್ಥನು ಮನೆಯವನಾಗಿರಬೇಕು, ಬಂಧುವಾಗಿರುವುದೇ ಅವನ ಯೋಗ್ಯತೆ.

ಇದೇ ಕಾಲದಲ್ಲಿ ಬೇರೆ ಕಸುಬುಗಳಿಗೆಲ್ಲ ಪ್ರಭುತ್ವ ಸನದು ಕೊಡುತ್ತ ಹೋದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ದಾಂಪತ್ಯದ ಕ್ಷೇತ್ರ ಎಷ್ಟು ಖಾಲಿ ಉಳಿಯಿತೆಂಬುದು ತಿಳಿಯುತ್ತದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಅನುಭಾವದ ಹಾದಿ ಹಿಡಿಯುವ ಮುನ್ನ ಕನ್ನಡ ಶಾಲೆಯ ಮಾಸ್ತರರಾಗಿದ್ದವರು; ಆ ಮಾಸ್ತರಿಕೆಗೆ ಮುಲ್ಕಿ ಪರೀಕ್ಷೆಯ ಪಾಸು ಅಳತೆಗೋಲಾಯಿತು. ವಕೀಲನಿಗೆ ಸನದು ಬಂತು. ಡಾಕ್ಟರರಿಗೆ 1912ರ ಮುಂಬಯಿ ವೈದ್ಯಕೀಯ ಕಾಯ್ದೆ ಬಂತು. ವೈದ್ಯ, ಹಕೀಮರನ್ನೂ 1938ರ ಕಾಯ್ದೆ ನೋಂದಣಿಯ ಪಟ್ಟಿಗೆ ತಂದಿತು. ಮನೆ ಒಡೆಯದಂತೆ ಕಾಯುವ ಕೆಲಸಕ್ಕೆ ಮಾತ್ರ ಪರೀಕ್ಷೆಯಿರಲಿಲ್ಲ, ಪಟ್ಟಿಯಿರಲಿಲ್ಲ. ಆ ಜಾಗದಲ್ಲಿ ಊರವರ ವಿಶ್ವಾಸವನ್ನೇ ಸನದಾಗಿ ಪಡೆದವರು ಮಠದ ಸ್ವಾಮಿಗಳು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಗೂ 1909ರಲ್ಲಿ ಶಿವಯೋಗಮಂದಿರಕ್ಕೂ ಕಾರಣರಾದ ಕಾಲದಿಂದ ಈ ಸೀಮೆಯಲ್ಲಿ ಮಠದ ಮಾತಿಗೆ ತೂಕ ಹೆಚ್ಚಿತು. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಕೌಟುಂಬಿಕ ವ್ಯಾಜ್ಯಗಳನ್ನೂ ಕೇಳುವುದನ್ನು ಹಿರೇಕೆರೂರು ಕಡೆಯ ಶಿಷ್ಯವರ್ಗ ಬಲ್ಲುದು. ಅದರ ತೀರ್ಮಾನ ನಿಲ್ಲುವುದು ಪೀಠದ ಮೇಲಿನ ಭಕ್ತಿಯಿಂದ.

ಸ್ವಾತಂತ್ರ್ಯದ ಹೊಸಿಲಿನಲ್ಲಿ ಮುಂಬಯಿ ಪ್ರಾಂತ ದಾಂಪತ್ಯದ ಕಾನೂನಿನಲ್ಲಿ ದೇಶಕ್ಕೇ ಮುಂಚೂಣಿಯಲ್ಲಿತ್ತು. 1946ರಲ್ಲಿ ಹಿಂದೂ ದ್ವಿಪತ್ನಿತ್ವದ ನಿಷೇಧ, 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ, 1949ರಲ್ಲಿ ಬಹಿಷ್ಕಾರ ನಿಷೇಧ ಕಾಯ್ದೆ ಸಾಲಾಗಿ ಬಂದವು. ನಾಲ್ಕು ವರ್ಷ ಸತತವಾಗಿ ಬಿಟ್ಟು ಹೋದ ಗಂಡನಿಂದ ಬಿಡುಗಡೆ ಕೇಳುವ ಹಕ್ಕು ಹಾನಗಲ್ಲಿನ ಹೆಣ್ಣಿಗೆ, ದೇಶಕ್ಕೆಲ್ಲ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಗಿಂತ ಎಂಟು ವರ್ಷ ಮೊದಲೇ ಕಾಗದದ ಮೇಲೆ ಸಿಕ್ಕಿತು. ಬಹಿಷ್ಕಾರ ನಿಷೇಧ ಕಾಯ್ದೆ ದೈವದ ಕೊನೆಯ ಆಯುಧವಾದ ‘ಜಾತಿಯಿಂದ ಹೊರಗಿಡುವುದನ್ನು’ ಕಿತ್ತುಕೊಂಡಿತಾದರೂ 1962ರಲ್ಲಿ ಸುಪ್ರೀಂ ಕೋರ್ಟ್ ಬೊಹರಾ ಸಮುದಾಯದ ಧರ್ಮಗುರುವಿನ ಅರ್ಜಿಯ ಮೇಲೆ ಅದನ್ನು ರದ್ದುಪಡಿಸಿತು. 1955ರ ಕಾಯ್ದೆ ರೂಢಿಯ ಬಿಡುಗಡೆಯನ್ನು 29ನೆಯ ಕಲಮಿನಲ್ಲಿ ಉಳಿಸಿಕೊಂಡು, 23ನೆಯ ಕಲಮಿನಲ್ಲಿ ವಿಚ್ಛೇದನಕ್ಕೆ ಮುನ್ನ ರಾಜಿಗೆ ಯತ್ನಿಸುವುದು ನ್ಯಾಯಾಧೀಶನ ಕರ್ತವ್ಯವೆಂದಿತು. 1976ರ ತಿದ್ದುಪಡಿ ಆ ಯತ್ನಕ್ಕಾಗಿ ಪ್ರಕರಣವನ್ನು 15 ದಿನಗಳವರೆಗೆ ಮುಂದೂಡಿ, ದಂಪತಿಗಳು ಹೆಸರಿಸಿದ ವ್ಯಕ್ತಿಗೆ ಒಪ್ಪಿಸಬಹುದೆಂದಿತು. ಆ ವ್ಯಕ್ತಿಗೆ ಏನು ಅರ್ಹತೆ ಎಂಬ ಪ್ರಶ್ನೆ ಅಲ್ಲೂ ಎತ್ತಲ್ಪಡಲಿಲ್ಲ.

ಆಪ್ತಸಮಾಲೋಚಕ ಎಂಬ ಹುದ್ದೆ ಕಾನೂನಿನ ಪುಟಕ್ಕೆ ಬಂದದ್ದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಿಂದ. ಆಪ್ತಸಮಾಲೋಚನೆ ಎಂದರೆ ತೀರ್ಪು ಕೊಡದೆ, ಉಪದೇಶ ಹೇರದೆ, ನೊಂದವರು ತಮ್ಮ ಸ್ಥಿತಿಯನ್ನು ತಾವೇ ಸ್ಪಷ್ಟವಾಗಿ ಕಂಡು ನಿರ್ಧಾರಕ್ಕೆ ಬರುವಂತೆ ಜೊತೆಗೂಡುವ, ಕಲಿತು ಮಾಡುವ ಕೆಲಸ. ಈ ಕಾಯ್ದೆ ವಕೀಲರ ಹಾಜರಿಯನ್ನು ಹಕ್ಕಿನಿಂದ ಅನುಮತಿಗೆ ಇಳಿಸಿ, ಸಮಾಲೋಚಕರನ್ನು ಒಳಗೆ ತಂದಿತು; ಅವರ ಸಂಖ್ಯೆ, ವರ್ಗಗಳನ್ನು ಹೈಕೋರ್ಟನ್ನು ಕೇಳಿಕೊಂಡು ರಾಜ್ಯ ಸರ್ಕಾರ ಗೊತ್ತುಪಡಿಸಬೇಕೆಂದಿತು. ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಮಾತ್ರ ಇದು ಕಡ್ಡಾಯವಾಗಿದ್ದುದರಿಂದ ಅಂದಿನ ಧಾರವಾಡ ಜಿಲ್ಲೆಯ ದಕ್ಷಿಣದ ತಾಲ್ಲೂಕುಗಳಿಗೆ ಇದರ ಫಲ ಕೂಡಲೇ ಮುಟ್ಟಲಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾದಾಗಲೂ ಇಲ್ಲಿನ ದಂಪತಿಗಳ ದಾವೆಗಳು ಸಾಮಾನ್ಯ ದಿವಾಣಿ ಕೋರ್ಟಿನ ದಾವೆಗಳ ನಡುವೆಯೇ ಸರದಿ ಕಾಯುವಂಥವಾಗಿದ್ದವು.

ನಿಜವಾದ ತಿರುವು ಬಂದದ್ದು 2006ರ ಅಕ್ಟೋಬರ್ 26ರಂದು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಯಾದಾಗ. ಕಾಯ್ದೆಯ 14ನೆಯ ಕಲಮು ದಂಪತಿಗಳನ್ನು ಸಮಾಲೋಚನೆಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಅದರಡಿಯ ನಿಯಮಗಳು, ಎರಡೂ ಕಡೆಯವರು ಬರಹದಲ್ಲಿ ಒಪ್ಪದ ಹೊರತು ಯಾರ ಬಂಧುವೂ ಸಮಾಲೋಚಕನಾಗಬಾರದು, ವ್ಯಾಜ್ಯದಲ್ಲಿ ಆಸಕ್ತಿಯುಳ್ಳವನು ಆಗಬಾರದು, ಎದುರು ಪಕ್ಷದ ಪರ ವಾದಿಸಿದ ವಕೀಲ ಆಗಬಾರದು, ಆದಷ್ಟು ಮಟ್ಟಿಗೆ ಸಮಾಲೋಚಕರು ಹೆಂಗಸರೇ ಆಗಿರಬೇಕು ಎಂದವು. ಹೊಡೆದವನು ಹೊಡೆತಕ್ಕೆ ಸಮರ್ಥನೆ ಕೊಡುವುದನ್ನು ಸಮಾಲೋಚನೆಯಲ್ಲಿ ಕೇಳಿಸಿಕೊಳ್ಳಲೇಬಾರದೆಂದವು. ಇಲ್ಲಿ ಪದವಿಯ ಮಾತು ಕಡಿಮೆ. ಆದರೆ ದೈವದ ಕಟ್ಟೆಯ ಮೇಲೆ ಯಾವುದು ಯೋಗ್ಯತೆಯಾಗಿತ್ತೋ ಅದೇ ಬಂಧುತ್ವ ಇಲ್ಲಿ ಅನರ್ಹತೆಯಾಯಿತು. ಯಾರಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲವೋ ಅವರಿಗೆ ಕುರ್ಚಿ ಸಿಕ್ಕಿತು. ಅಳತೆ ಮೀರದ ಹೊಡೆತ ಎಂಬ ಮಾತೇ ಅಳಿಯಿತು. ಸಾವಿರ ವರ್ಷದ ರೂಢಿಯನ್ನು ಮೂರು ಸಾಲಿನ ನಿಯಮವೊಂದು ತಿರುಗಿಸಿ ನಿಲ್ಲಿಸಿದ ಈ ಸಂಗತಿಗೆ ನಮ್ಮ ಸಾಮಾಜಿಕ ಇತಿಹಾಸದ ಪುಸ್ತಕಗಳಲ್ಲಿ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. ಸೇವೆ ನೀಡುವ ಸಂಸ್ಥೆಗಳಿಗೂ ಮೂರು ವರ್ಷದ ಅನುಭವದ ಮೇಲೆ ನೋಂದಣಿಯನ್ನು ಅದೇ ನಿಯಮಗಳು ವಿಧಿಸಿದವು. ಕರ್ನಾಟಕದಲ್ಲಿ ಅದಕ್ಕೂ ಮುಂಚೆ, 2000ದ ಆಸುಪಾಸಿನಿಂದ, ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ‘ಸಾಂತ್ವನ’ ಕೇಂದ್ರಗಳು ಆಪ್ತಸಮಾಲೋಚಕಿಯನ್ನೂ ಸಮಾಜ ಕಾರ್ಯಕರ್ತೆಯರನ್ನೂ ಇಟ್ಟುಕೊಂಡು ಕೆಲಸ ಆರಂಭಿಸಿದ್ದವು.

ವೃತ್ತಿಯ ಕಲಿಕೆಯ ಕಡೆಯಿಂದ ಬಂದ ಹೊಳೆ ಬೇರೆಯೇ ಆಗಿತ್ತು. ಮನಸ್ಸಿನ ಕಾಯಿಲೆ ಎಂದರೆ ಈ ತಾಲ್ಲೂಕುಗಳ ಜನಕ್ಕೆ ಧಾರವಾಡದ ಹುಚ್ಚಾಸ್ಪತ್ರೆಯೇ ಗೊತ್ತಿದ್ದ ಜಾಗ. ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಬೈಗುಳವಾಗಿ ಬಳಕೆಯಾದಷ್ಟು ಕಾಲ ಸಲಹೆ ಕೇಳಲು ಹೋಗುವುದೇ ನಾಚಿಕೆಯಾಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆ ರೋಗಿಯ ಜೊತೆ ಇಡೀ ಕುಟುಂಬವನ್ನು ಇರಿಸಿಕೊಂಡು ನೋಡುವ ಕುಟುಂಬ ಚಿಕಿತ್ಸೆಯನ್ನು, ಅಂದರೆ ತೊಂದರೆ ಒಬ್ಬರೊಳಗಿಲ್ಲ, ಮನೆಯವರ ನಡುವಿನ ನಡವಳಿಕೆಯಲ್ಲಿದೆ ಎಂದು ನಂಬಿ ಮಾಡುವ ಚಿಕಿತ್ಸೆಯನ್ನು, ಬೆಳೆಸಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಪಟ್ಟಿಗೆ ತಂದು, ಪಟ್ಟಿಯಲ್ಲಿಲ್ಲದವರ ವೃತ್ತಿಗೆ ಶಿಕ್ಷೆಯನ್ನೂ ಗೊತ್ತುಮಾಡಿತು. ಪರವಾನಗಿಯ ಮೂರೂ ಅಂಶಗಳು ಕೂಡಿದ್ದು ಅಲ್ಲಿ, ಆದರೆ ಅದರ ಕಣ್ಣು ಅಂಗವೈಕಲ್ಯದ ಪುನರ್ವಸತಿಯ ಮೇಲೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ವ್ಯಾಖ್ಯಾನಿಸಿತು, ಮತ್ತು ಅದರ ವಿಷಯ ಕಾಯಿಲೆ. ಗಂಡನ ಕುಡಿತ, ಮಕ್ಕಳಾಗದ ಕೊರಗು, ಪಾಲಿನ ಜಗಳ ಇವು ಕಾಯಿಲೆಯ ಪಟ್ಟಿಗೆ ಪೂರ್ತಿ ಸೇರದೆ, ಕೋರ್ಟಿನ ದಾವೆಗೂ ಪೂರ್ತಿ ಒಗ್ಗದೆ ನಡುವೆ ಉಳಿದವು. ಕೋರ್ಟಿನ ಆಸರೆಯಲ್ಲಿ ಬೆಳೆದ ಮಧ್ಯಸ್ಥಿಕೆ ಕೇಂದ್ರಗಳು, ಬೆಂಗಳೂರಿನಲ್ಲಿ 2007ರಿಂದ, 40 ಗಂಟೆಗಳ ತರಬೇತಿ ಪಡೆದ ವಕೀಲರ ಕೈಗೆ ಈ ನಡುವಿನ ಪ್ರದೇಶದ ದೊಡ್ಡ ಪಾಲನ್ನು ಒಪ್ಪಿಸಿವೆ. ಕ್ಯಾಲಿಫೋರ್ನಿಯಾದ 3,000 ಗಂಟೆಗಳ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದಾಗ ಮನಸ್ಸು ಭಾರವಾಗುವುದು ಸಹಜ.

2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನೋವಿಜ್ಞಾನಿಗಳು, ವರ್ತನಾ ಆರೋಗ್ಯದ ಸಲಹೆಗಾರರು, ಸಮಾಜ ಕಾರ್ಯಕರ್ತರು, ಎಚ್‌ಐವಿ ಮತ್ತು ಕುಟುಂಬ ಯೋಜನೆಯ ಸಲಹೆಗಾರರನ್ನು ಹೆಸರು ಹಿಡಿದು ತನ್ನ ಅನುಸೂಚಿಗೆ ಸೇರಿಸಿ, ರಾಜ್ಯ ಪರಿಷತ್ತುಗಳ ನೋಂದಣಿಯಡಿ ತರಲು ಹೊರಟಿತು. ಎಷ್ಟು ಮಕ್ಕಳು ಬೇಕೆಂದು ದಂಪತಿಗಳಿಗೆ ತಿಳಿಹೇಳುವವರ ಹೆಸರು ಅಲ್ಲಿದೆ. ಆ ದಂಪತಿಗಳು ಒಬ್ಬರ ಮುಖ ಒಬ್ಬರು ನೋಡದಂತಾದಾಗ ಕೂತು ಕೇಳುವವರ ಹೆಸರು ಪ್ರತ್ಯೇಕವಾಗಿ ಅಲ್ಲಿಲ್ಲ. ಹೀಗಾಗಿ ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಇಂದು ದೈವದ ಹಿರಿಯ, ಜಮಾತಿನ ಮುಖಂಡ, ಮಠದ ಸ್ವಾಮಿಗಳು, ಪೊಲೀಸ್ ಠಾಣೆಯ ಅಧಿಕಾರಿ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಕೀಲ ಎಲ್ಲರೂ ಈ ಕೆಲಸವನ್ನು ಏಕಕಾಲಕ್ಕೆ ಮಾಡುತ್ತಿದ್ದಾರೆ, ಮತ್ತು 1880ರ ಕಾಯ್ದೆಯ ನಾಲ್ಕನೆಯ ಕಲಮಿನ ಧೋರಣೆಯಂತೆ ಯಾರ ಕೆಲಸವೂ ಇನ್ನೊಬ್ಬರನ್ನು ತಡೆಯುತ್ತಿಲ್ಲ. ಇವರ ನಡುವೆ ಕಾನೂನು ಹೆಸರಿಸಿದ ಸಂರಕ್ಷಣಾಧಿಕಾರಿ, ರಾಜ್ಯದ ಏರ್ಪಾಡಿನಂತೆ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳ ಆಹಾರ, ಹಾಜರಿ, ಕಟ್ಟಡಗಳ ಲೆಕ್ಕ ನೋಡುವ ಅದೇ ಮೇಜಿನ ಮೇಲೆ ಹಿಂಸೆಯ ವರದಿಯನ್ನು ಬರೆದು, ಯಾವ ಕಡೆಯ ಬಂಧುವೂ ಅಲ್ಲದ ಸಮಾಲೋಚಕಿಯ ಹೆಸರನ್ನು ಹುಡುಕಿ ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಆ ಅಧಿಕಾರಿಯ ಪಾಲಿಗೆ ಬಂದ ಕೆಲಸ.